ಆರ್ಕೇಟಾದಿಂದ ಫರ್ನ್‌ಡೇಲ್‌ಗೆ: ಪೆಡಲ್ ತುಳಿಯುವ ಏಡಿ, ಮೊಸಳೆಗಳ ಹಿಂದೆ

ಶುಕ್ರವಾರ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಫ್ರೀಮಾಂಟ್‌ನಿಂದ ಯುರೇಕಾಗೆ ಹತ್ತಿರ ಹತ್ತಿರ 500 ಕಿ.ಮೀ. ಮ್ಯಾಪ್ ಏನೋ ಆರು ಗಂಟೆ ಸಾಕು ಅನ್ನುತ್ತೆ. ಆದರೆ ಮೆಮೋರಿಯಲ್ ಡೇ ರಜೆಯ ಹಿಂದಿನ ಶುಕ್ರವಾರ ಅದನ್ನು ನಂಬಿ ಕೂತವರುಂಟಾ? ಬೆಳಗಾಗುವ ಮೊದಲೇ ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ. ಮುಂದೆ ನಮ್ಮನೆಯವರ ಪಕ್ಕ ಅಪ್ಪಯ್ಯ, ಮಂಕಿ ಕ್ಯಾಪ್ ಹಾಕಿಕೊಂಡು.

ಅಪ್ಪಯ್ಯ ಬೇಸಿಗೆ ಕಳೆಯಲು ಕುಂದಾಪುರದಿಂದ ಬಂದಿದ್ದರು. ರಿಚ್ಮಂಡ್ ಸೇತುವೆ ದಾಟಿ 101ನೇ ಹೈವೇ ಹಿಡಿದ ಮೇಲೆ ಅವರ ಪ್ರಶ್ನೆ ಶುರುವಾಯಿತು. "ಒಂದ್ ಸೈಕಲ್ ರೇಸ್ ಕಾಂಬುಕೆ ಇಷ್ಟ್ ದೂರ ಹೋಪುದಾ?"

ಸೈಕಲ್ ರೇಸ್ ಅಂದರೆ ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಇದರ ಹೆಸರು ಕೈನೆಟಿಕ್ ಗ್ರ್ಯಾಂಡ್ ಚಾಂಪಿಯನ್‌ಶಿಪ್. ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ಹಂಬೋಲ್ಟ್ ಕೌಂಟಿಯಲ್ಲಿ ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯ ಸೋಮವಾರ ಮುಗಿಯುವ ಹಾಗೆ ಮೂರು ದಿನ ನಡೆಯುತ್ತದೆ. ಆರ್ಕೇಟಾ ಊರಿನ ಚೌಕದಲ್ಲಿ ಶುರು, ಸುಮಾರು 80 ಕಿ.ಮೀ. ಆಚೆ ಫರ್ನ್‌ಡೇಲ್‌ನ ಮುಖ್ಯ ಬೀದಿಯಲ್ಲಿ ಕೊನೆ. ನಡುವೆ ಡಾಂಬರು ರಸ್ತೆ, ಮರಳ ದಿಬ್ಬ, ಕೊಲ್ಲಿಯ ನೀರು, ಕೆಸರು, ಗುಡ್ಡ ಎಲ್ಲ ಬರುತ್ತವೆ. ಸೈಕಲ್ ಚೈನು, ಪೆಡಲ್ಲು, ಗೇರು ಸೇರಿಸಿ ಮನೆಯ ಹಿಂದಿನ ಶೆಡ್ಡಿನಲ್ಲಿ ಕಟ್ಟಿದ ವಿಚಿತ್ರ ಬಂಡಿಗಳು ಇವನ್ನೆಲ್ಲ ದಾಟಬೇಕು. ಇಂಜಿನ್ ಇಲ್ಲ, ಮೋಟಾರ್ ಇಲ್ಲ. ತುಳಿಯುವವರ ಕಾಲೇ ಗತಿ.

"ಮೊದ್ಲ್ ಬಂದವ್ರಿಗೆ ಎಂತ ಕೊಡ್ತ್ರ್?" ಅಪ್ಪಯ್ಯ ಕೇಳಿದರು. ಮೊದಲು ಬಂದವರ ಬಗ್ಗೆ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ ಅಂದೆ. ಸರಿಯಾಗಿ ಮಧ್ಯದಲ್ಲಿ ಬಂದವರಿಗೆ ಒಂದು ಪ್ರಶಸ್ತಿ. ಹೊರಟ ಕೂಡಲೇ ಮೊದಲು ಕೆಟ್ಟು ನಿಂತ ಬಂಡಿಗೆ 'ಗೋಲ್ಡನ್ ಡೈನೋಸಾರ್' ಅಂತ ಇನ್ನೊಂದು. ಜಾಸ್ತಿ ಗೋಳಾಡಿದವರಿಗೂ ಒಂದು ಇದೆ. ಅಪ್ಪಯ್ಯ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ, "ಕಾಂಬ" ಅಂದರು.

ದಾರಿಯಲ್ಲಿ ಹೈವೇ ಬಿಟ್ಟು ಅವೆನ್ಯೂ ಆಫ್ ದ ಜಯಂಟ್ಸ್ ಎಂಬ ಹಳೇ ರಸ್ತೆಗೆ ಇಳಿದೆವು. 50 ಕಿ.ಮೀ. ಉದ್ದಕ್ಕೂ ಎರಡೂ ಕಡೆ ರೆಡ್‌ವುಡ್ ಮರಗಳು. ಫೌಂಡರ್ಸ್ ಗ್ರೋವ್‌ನಲ್ಲಿ 1991ರಲ್ಲಿ ಉರುಳಿದ ಡೈಯರ್‌ವಿಲ್ ಜಯಂಟ್ ಬಿದ್ದಲ್ಲೇ ಇದೆ. ನಿಂತಿದ್ದಾಗ ಅದು 110 ಮೀಟರಿಗೂ ಎತ್ತರವಿತ್ತಂತೆ. ಮಗ ಅದರ ಬುಡದಿಂದ ತುದಿಗೆ ಓಡಿ ಹೋಗಿ ವಾಪಸ್ ಬರುವಷ್ಟರಲ್ಲಿ ನಮ್ಮ ಊಟ ಅರ್ಧ ಮುಗಿದಿತ್ತು. ಯುರೇಕಾ ತಲುಪಿದಾಗ ಸಂಜೆ. ಮಂಜು ಕವಿದಿತ್ತು, ಚಳಿ. ಈ ಕಡೆ ಮೇ ಕೊನೆಯಲ್ಲೂ ಹಗಲು 15-16 ಡಿಗ್ರಿ ದಾಟೋದು ಕಡಿಮೆ. ಮೋಟೆಲ್‌ನ ಹೀಟರ್ ಹಾಕಿ ಮಲಗಿದ್ದೊಂದೇ ಕೆಲಸ.

ಶನಿವಾರ

ಬಂಡಿಗಳು ಹೊರಡೋದು ಮಧ್ಯಾಹ್ನ ಹನ್ನೆರಡಕ್ಕೆ. ಆದರೆ ನೋಡೋದಿರೋದೆಲ್ಲ ಅದಕ್ಕೂ ಮೊದಲೇ. ಬೆಳಿಗ್ಗೆ ಬೇಗ ಹೋದರೆ ಆರ್ಕೇಟಾ ಚೌಕದಲ್ಲಿ ಬಂಡಿಗಳ ಪಕ್ಕಕ್ಕೇ ನಿಂತು ನೋಡಬಹುದು, ಮಾತಾಡಿಸಬಹುದು. ತಡವಾದರೆ ಜನರ ಬೆನ್ನು ಕಾಣುತ್ತೆ ಅಷ್ಟೇ. ಈ ಚೌಕದ ನಡುವೆ ಅಧ್ಯಕ್ಷ ಮೆಕಿನ್ಲಿಯ ಪ್ರತಿಮೆ ಇತ್ತು. ಊರವರು ವರ್ಷಗಟ್ಟಲೆ ಜಗಳವಾಡಿ 2019ರಲ್ಲಿ ತೆಗೆಸಿದರು. ಈಗ ಹುಲ್ಲು, ಮರ, ಅದರ ಸುತ್ತ ಅಂಗಡಿಗಳು. ಆವತ್ತು ಹುಲ್ಲಿನ ಮೇಲೆ ಕಾಲಿಡಲೂ ಜಾಗ ಇರಲಿಲ್ಲ. ಮೀನಿನ ಟೋಪಿ ಹಾಕಿದ ಅಜ್ಜಿಯರು, ಹಕ್ಕಿಯ ರೆಕ್ಕೆ ಕಟ್ಟಿಕೊಂಡ ಅಪ್ಪಂದಿರು, ಮೈಗೆಲ್ಲ ಬಣ್ಣ ಬಳಿದುಕೊಂಡ ಮಕ್ಕಳು.

"ಇವ್ರಿಗೆಲ್ಲ ಮಂಡೆ ಸಮ ಇತ್ತಾ?" ಅಪ್ಪಯ್ಯ ಮೆಲ್ಲಗೆ ಕೇಳಿದರು.

ಒಂದು ಕೆಂಪು ಏಡಿ ನಮ್ಮನ್ನು ತುಂಬಾ ಹೊತ್ತು ಹಿಡಿದಿಟ್ಟಿತು. ಸಣ್ಣ ವ್ಯಾನಿನಷ್ಟು ದೊಡ್ಡದು. ನಾಲ್ಕು ಸೀಟು, ಮುಂದೆ ಎರಡು, ಹಿಂದೆ ಎರಡು. ಕಟ್ಟಿದಾತ ವೃತ್ತಿಯಿಂದ ವೆಲ್ಡರ್. ಕೈಯಲ್ಲಿ ಗ್ರೀಸ್, ತಲೆ ಮೇಲೆ ಏಡಿಯ ಕಣ್ಣು. ಮಗಳು ಬಗ್ಗಿ ಅಡಿಯಲ್ಲಿ ನೋಡುತ್ತಿದ್ದಳು. ಆತ ನೆಲದ ಮೇಲೆ ಕೂತೇ ಅವಳಿಗೆ ಎಲ್ಲ ತೋರಿಸಿದ. ನಾಲ್ಕೂ ಜನಕ್ಕೆ ಬೇರೆ ಬೇರೆ ಪೆಡಲ್, ಬೇರೆ ಬೇರೆ ಗೇರ್. ಎಲ್ಲರ ಚೈನೂ ನಡುವಿನ ಒಂದು ಅಡ್ಡ ಶಾಫ್ಟಿಗೆ ಬರುತ್ತೆ, ಅಲ್ಲಿಂದ ಇನ್ನೊಂದು ದಪ್ಪ ಚೈನು ಹಿಂದಿನ ಚಕ್ರಕ್ಕೆ ಹೋಗುತ್ತೆ. ಪ್ರತಿಯೊಬ್ಬರದ್ದಕ್ಕೂ ಫ್ರೀವೀಲ್ ಇದೆ. ಹಾಗಾಗಿ ಒಬ್ಬರಿಗೆ ಸುಸ್ತಾಗಿ ಕಾಲು ನಿಲ್ಲಿಸಿದರೂ ಉಳಿದವರ ತುಳಿತ ಅವರನ್ನು ಎಳೆದು ತಿರುಗಿಸೋದಿಲ್ಲ. ಎರಡು ಸಲ ಗೇರ್ ಇಳಿಸುವುದರಿಂದ ಪೆಡಲ್ ಹಲವು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ವೇಗ ಹೋಯ್ತು, ಬಲ ಬಂತು. ಏಡಿಯ ಕಾಲುಗಳು ಮುಂದಿನ ಅಚ್ಚಿಗೆ ಕಟ್ಟಿದ ಸರಳುಗಳಿಂದ ತಾವಾಗೇ ಮೇಲೆ ಕೆಳಗೆ ಆಡುತ್ತವೆ. ಪಕ್ಕದಲ್ಲಿ ಬೆಲ್ಟ್ ಹಾಕಿ ಬಿಗಿದ ಫೋಮ್ ದಿಂಡುಗಳು ನಾಳೆ ತೇಲುವುದಕ್ಕೆ. ಹಿಂದಿನ ಚಕ್ರಕ್ಕೆ ಬೋಲ್ಟ್ ಹಾಕಲು ಪ್ಲೈವುಡ್ಡಿನ ಹುಟ್ಟುಗಳೂ ಇದ್ದವು. ಇದನ್ನೆಲ್ಲ ಹಿಂದೆ ಲಾರಿಯಲ್ಲಿ ತರಿಸಿಕೊಳ್ಳುವ ಹಾಗಿಲ್ಲ. ಬೇಕಾದ್ದೆಲ್ಲ ಬಂಡಿಯ ಮೇಲೇ ಹೊರಬೇಕು.

ಕಣ್ಣಿಗೆ ಹುಚ್ಚಾಟದ ಹಾಗೆ ಕಂಡರೂ ಒಳಗೆ ಇಷ್ಟೊಂದು ಲೆಕ್ಕಾಚಾರ ಇದೆ. ನಮ್ಮನೆಯವರು ಇಂಜಿನಿಯರ್, ಹಗಲೆಲ್ಲ ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವವರು. ಏಡಿಯ ಕೆಳಗೆ ಅವರೂ ತೂರಿದರು. ಹೊರಗೆ ಎಳೆಯಬೇಕಾದರೆ ನನಗೆ ಸಾಕುಬೇಕಾಯಿತು. "ರೀ, ಪ್ಯಾಂಟಿಗೆಲ್ಲ ಗ್ರೀಸು!"

ನಿಯಮಗಳು ಇನ್ನೊಂದು ತಮಾಷೆ. ಪ್ರತಿ ಬಂಡಿಯಲ್ಲೂ ಕಾಲುಚೀಲದಿಂದ ಮಾಡಿದ ಒಂದು ಗೊಂಬೆ ಇರಲೇಬೇಕು. ಗಾಳಿ, ನೀರು, ಬಿಸಿಲು, ಇಳಿಜಾರಿನ ಸಹಾಯ ಪಡೆಯಬಹುದು. ಬೇರೆ ಗ್ರಹದವರ ಸಹಾಯವೂ ನಡೆಯುತ್ತೆ, ಆದರೆ ರೇಸಿಗೆ ಮೊದಲೇ ಅವರನ್ನು ತೀರ್ಪುಗಾರರಿಗೆ ಪರಿಚಯ ಮಾಡಿಸಿರಬೇಕು. ತೀರ್ಪುಗಾರರಿಗೆ ಲಂಚ ಕೊಡುವುದಕ್ಕಂತೂ ಮುಕ್ತ ಪ್ರೋತ್ಸಾಹ. ಬಿಸ್ಕತ್ತು, ಸ್ಟಿಕ್ಕರು, ಮಣಿಸರ, ಕೈಯಲ್ಲಿ ಮಾಡಿದ್ದು ಏನಾದರೂ ಸರಿ. ನಮ್ಮ ಎದುರೇ ಒಬ್ಬ ಹೆಂಗಸು ನೇರಳೆ ಕೋಟಿನ ತೀರ್ಪುಗಾರನಿಗೆ ಬುಟ್ಟಿ ತುಂಬ ಕುಕ್ಕೀಸ್ ಕೊಟ್ಟಳು. ಆತ ಒಂದು ಕಚ್ಚಿ ನೋಡಿ, ಗಂಭೀರವಾಗಿ ಪುಸ್ತಕದಲ್ಲಿ ಏನೋ ಬರೆದುಕೊಂಡ.

"ನಮ್ಮೂರಂಗೆ ಟೇಬಲ್ ಅಡಿಯಂಗೆ ಅಲ್ಲ" ಅಂದರು ಅಪ್ಪಯ್ಯ. "ಎಲ್ಲ ಎದ್ರೇ. ಅಡ್ಡಿಲ್ಲ."

ಬ್ರೇಕ್ ಪರೀಕ್ಷೆ ಆಯಿತು. ಹನ್ನೆರಡಕ್ಕೆ ಸೈರನ್ ಊದಿತು. ಚೌಕದ ಸುತ್ತ ಬಂಡಿಗಳು ಸುತ್ತು ಹಾಕತೊಡಗಿದವು. ಮೊಸಳೆ, ಡ್ರ್ಯಾಗನ್, ಹಸು, ಸ್ನಾನದ ತೊಟ್ಟಿ, ನಡುನಡುವೆ ಒಬ್ಬನೇ ತುಳಿಯುವ ಪುಟ್ಟ ಬಂಡಿಗಳು. ಎರಡನೇ ಸುತ್ತಿಗೇ ಒಂದರ ಚೈನು ಕಳಚಿತು. ಜನ ಬೈಯಲಿಲ್ಲ, ಅಯ್ಯೋ ಅನ್ನಲಿಲ್ಲ. ಎಲ್ಲ ಒಟ್ಟಿಗೆ 'ಡೈನೋಸಾರ್! ಡೈನೋಸಾರ್!' ಅಂತ ಕೂಗಿದರು. ಆ ಬಂಡಿಯವರು ಎದ್ದು ನಿಂತು ನಮಸ್ಕಾರ ಹಾಕಿ ಚೈನು ಸರಿಮಾಡಿಕೊಂಡರು.

ಅಲ್ಲಿಂದ ಬಂಡಿಗಳು ಸಮುದ್ರದ ಕಡೆ ಮನೀಲಾ ಎಂಬ ಹಳ್ಳಿಯ ಮರಳ ದಿಬ್ಬಗಳಿಗೆ ಹೋಗುತ್ತವೆ. ನಾವು ಕಾರು ದೂರದಲ್ಲೇ ನಿಲ್ಲಿಸಿ ನಡೆದೆವು. ದಿಬ್ಬಗಳ ಕೊನೆಯಲ್ಲಿ ಒಂದು ಕಡಿದಾದ ಇಳಿಜಾರು ಇದೆ, ಅದಕ್ಕೆ 'ಡೆಡ್ ಮ್ಯಾನ್ಸ್ ಡ್ರಾಪ್' ಅಂತ ಹೆಸರು. ಮಕ್ಕಳೆಲ್ಲ ಬದಿಯ ಮರಳಿನಲ್ಲಿ ಸಾಲಾಗಿ ಕೂತಿದ್ದರು. ಮೇಲೆ ಬಂಡಿ ಬಂದು ನಿಲ್ಲುತ್ತೆ. ತುಳಿಯುವವರು ಕೆಳಗೆ ನೋಡುತ್ತಾರೆ. ತಮ್ಮ ತಮ್ಮಲ್ಲೇ ಜಗಳವಾಡುತ್ತಾರೆ. ಆಮೇಲೆ ಜುಮ್ಮಂತ ಇಳಿಯುತ್ತಾರೆ, ಇಲ್ಲವೇ ಮುಂದಿನ ಚಕ್ರ ಹೂತು ಅಲ್ಲೇ ಅಡ್ಡಡ್ಡ. ಅನುಭವಸ್ಥರು ದಿಬ್ಬಕ್ಕೆ ಬರುವ ಮೊದಲೇ ಟೈರಿನ ಗಾಳಿ ಇಳಿಸಿಬಿಡುತ್ತಾರೆ. ಟೈರು ಚಪ್ಪಟೆಯಾದಷ್ಟೂ ಭಾರ ಹರಡುತ್ತೆ, ಮರಳಿನಲ್ಲಿ ಹೂತುಕೊಳ್ಳೋದು ತಪ್ಪುತ್ತೆ. ಇಳಿದು ತಳ್ಳಿದರೆ ರೇಸೇನೂ ಮುಗಿಯೋದಿಲ್ಲ. ಆದರೆ ಮೂರು ದಿನವೂ ಇಳಿಯದೆ, ತಳ್ಳದೆ ಮುಗಿಸಿದವರಿಗೆ 'ಏಸ್' ಅನ್ನುವ ಪಟ್ಟ. ಇಲ್ಲಿಯವರು ನಿಜವಾಗಿ ಆಸೆಪಡುವುದು ಅದಕ್ಕೇ.

ನಮ್ಮ ಏಡಿ ಇಳಿಯಿತು. ಒಂದು ಕಾಲು ಮುರಿಯಿತು. ಮಗಳು ಆ ಕಾಲನ್ನು ಎತ್ತಿಕೊಂಡು ಓಡಿ ಹೋಗಿ ಕೊಟ್ಟು ಬಂದಳು. ಅದಕ್ಕೆ ಪ್ರತಿಯಾಗಿ ಒಂದು ಏಡಿ ಸ್ಟಿಕ್ಕರ್ ಸಿಕ್ಕಿತು. ರಾತ್ರಿ ಮಲಗುವಾಗಲೂ ಅದು ಅವಳ ಹಣೆ ಮೇಲೇ ಇತ್ತು.

ಸಂಜೆ ಯುರೇಕಾಗೆ ವಾಪಸ್ಸಾಗಲು ಸಮೋವಾ ಸೇತುವೆ ದಾಟಬೇಕು. ಸೇತುವೆಯ ಕೆಳಗೆ ಕೊಲ್ಲಿಯ ನಡುವೆ ಹಸಿರು ದ್ವೀಪ ಕಾಣುತ್ತದೆ. ಅದು ತುಲುವಾಟ್. ಇದು ವಿಯೋಟ್ ಎಂಬ ಮೂಲನಿವಾಸಿ ಜನರ ನಾಡು, ಈ ದ್ವೀಪ ಅವರಿಗೆ ಪವಿತ್ರ ಜಾಗ. 1860ರ ಫೆಬ್ರವರಿಯಲ್ಲಿ ವರ್ಷದ ಆಚರಣೆ ಮುಗಿಸಿ ಮಲಗಿದ್ದ ಹೆಂಗಸರು, ಮಕ್ಕಳು, ಮುದುಕರನ್ನು ಬಿಳಿಯರ ಗುಂಪೊಂದು ರಾತ್ರೋರಾತ್ರಿ ಕೊಂದಿತು. 2019ರಲ್ಲಿ ಯುರೇಕಾ ನಗರಸಭೆ ತನ್ನ ಕೈಲಿದ್ದ ದ್ವೀಪದ ಜಾಗವನ್ನು ವಿಯೋಟರಿಗೆ ಮರಳಿಸಿತು. ಹಗಲೆಲ್ಲ ನಕ್ಕು ಬಂದವರಿಗೆ ಇದು ಗೊತ್ತಿರಲಿ ಅಂತ ಮಗಳಿಗೆ ಹೇಳಿದೆ. ಅವಳು ಸೇತುವೆ ಮುಗಿಯುವವರೆಗೂ ಪ್ರಶ್ನೆ ಕೇಳಿದಳು. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಭಾನುವಾರ

ಮೂರು ದಿನದಲ್ಲಿ ಒಂದೇ ದಿನ ನೋಡೋಕೆ ಸಾಧ್ಯ ಅನ್ನುವವರಿಗೆ ನಾನು ಹೇಳೋದು ಭಾನುವಾರ. ಆವತ್ತು ನೀರಿಗಿಳಿಯುವ ದಿನ.

ಯುರೇಕಾದ ದಡದಲ್ಲಿ ದೋಣಿ ಇಳಿಸಲು ಕಾಂಕ್ರೀಟಿನ ಇಳಿಜಾರು ಇದೆ. ಬೆಳಿಗ್ಗೆಯೇ ಅದರ ಎರಡೂ ಬದಿ ಜನ. ಮಂಜು ಇನ್ನೂ ಎದ್ದಿರಲಿಲ್ಲ. ಬಂಡಿಗಳಿಗೆ ಫೋಮ್ ಕಟ್ಟಿ, ಚಕ್ರಕ್ಕೆ ಹುಟ್ಟು ಸಿಕ್ಕಿಸಿ, ಒಂದೊಂದಾಗಿ ಕಳಿಸುತ್ತಾರೆ. ನೀರಿನಲ್ಲಿ ಕಯಾಕ್‌ಗಳು, ರಕ್ಷಣೆಯ ದೋಣಿಗಳು ಕಾಯುತ್ತಿರುತ್ತವೆ. ಕೆಲವರು ಬ್ರೇಕ್ ಹಿಡಿದು ಮೆತ್ತಗೆ ಇಳಿದರು. ಅವರಿಗೆ ಚಪ್ಪಾಳೆಯೂ ಮೆತ್ತಗೆ. ಜನ ಕಾಯೋದು ಬ್ರೇಕ್ ಬಿಟ್ಟು ಇಳಿಯುವವರಿಗೆ. ಹಸಿರು ಮೊಸಳೆಯೊಂದು ಮೇಲಿನಿಂದಲೇ ಓಡಿ ಬಂದು ನೀರಿಗೆ ಹೊಡೆಯಿತು ನೋಡಿ, ಮುಂದಿನ ಸಾಲಿನವರೆಲ್ಲ ಒದ್ದೆ.

ಅಪ್ಪಯ್ಯ ಎದ್ದು ನಿಂತುಬಿಟ್ಟರು. "ಹೋಯ್! ಕನೆಹಲಗೆ ಕಂಡಂಗೆ ಆಯ್ತ್ ಕಾಣ್!"

ಕಂಬಳ ಗೊತ್ತಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಕನೆಹಲಗೆಯಲ್ಲಿ ಕೋಣ ಎಷ್ಟು ಬೇಗ ಓಡಿತು ಅನ್ನೋದು ಮುಖ್ಯ ಅಲ್ಲ, ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಿತಾ ಅನ್ನೋದು ಮುಖ್ಯ. ನಿಶಾನೆಯ ಎತ್ತರ ಆರೂವರೆ ಕೋಲು, ಏಳೂವರೆ ಕೋಲು. ಅಪ್ಪಯ್ಯ ಹರೆಯದಲ್ಲಿ ಮೂಡುಬಿದಿರೆ ಕಂಬಳದವರೆಗೂ ಹೋಗುತ್ತಿದ್ದರಂತೆ. ರಾತ್ರಿಯಿಡೀ ಗದ್ದೆಯ ಅಂಚಿನಲ್ಲಿ ನಿಂತು, ಬೆಳಿಗ್ಗೆ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದರಂತೆ. ಅಲ್ಲಿಂದ ಮುಂದೆ ಪ್ರತಿ ಬಂಡಿಗೂ ಅವರದ್ದೇ ತೀರ್ಪು. "ಇದ್ ಆರೂವರೆ." "ಇದ್ ಎಂತದೂ ಇಲ್ಲ, ನೀರೇ ಏಳ್ಲಿಲ್ಲ." ಪಕ್ಕದಲ್ಲಿದ್ದ ಬಿಳಿ ಗಡ್ಡದವರೊಬ್ಬರು ಏನು ಲೆಕ್ಕ ಅಂತ ಕೇಳಿದರು. ನಮ್ಮನೆಯವರು ವಿವರಿಸಿದರು. ಸ್ವಲ್ಪ ಹೊತ್ತಿಗೆ ಆ ಗಡ್ಡದವರೂ ಕೈ ಎತ್ತಿ 'ಸೆವೆನ್ ಅಂಡ್ ಹಾಫ್!' ಅಂತ ಕೂಗುತ್ತಿದ್ದರು.

ಒಂದು ಬಂಡಿ ವಾಲಿತು. ಒಂದು ಕಡೆಯ ಫೋಮ್ ಕಳಚಿ ಬೇರೆಯೇ ದಾರಿ ಹಿಡಿದು ತೇಲಿ ಹೋಯಿತು. ಲೈಫ್ ಜಾಕೆಟ್ ಹಾಕಿದ್ದ ಇಬ್ಬರು ನೀರಿಗೆ ಬಿದ್ದರು. ನೀರು ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ, ಹಾಗಾಗಿ ಕಯಾಕಿನವರು ಕ್ಷಣದಲ್ಲಿ ಬಂದರು. ಮಗ ಹೆದರಿ ನನ್ನ ಕೈ ಹಿಡಿದುಕೊಂಡ. ಅಷ್ಟರಲ್ಲಿ ಬಿದ್ದವನೊಬ್ಬ ನೀರಿನಿಂದಲೇ ಟೋಪಿ ಎತ್ತಿ ಬೀಸಿದ, ದಡದಲ್ಲಿ ಭಾರೀ ಕೂಗು. ನೀರಿಗೆ ಬೀಳುವುದಕ್ಕೂ ಇಲ್ಲಿ ಪ್ರಶಸ್ತಿ ಉಂಟು.

ಮಧ್ಯಾಹ್ನ ದಕ್ಷಿಣಕ್ಕೆ ಹೋಗಿ ಹುಕ್‌ಟನ್ ರಸ್ತೆಯ ಏರಿನಲ್ಲಿ ಕಾದೆವು. ಇಲ್ಲಿ ಗದ್ದಲ ಇಲ್ಲ, ಮೈಕ್ ಇಲ್ಲ. ಬದಿಯಲ್ಲಿ ಕೆಲವರು ಮಡಚುವ ಕುರ್ಚಿ ಹಾಕಿ ಕೂತಿದ್ದರು, ದನದ ಕೊರಳ ಗಂಟೆ ಅಲ್ಲಾಡಿಸುತ್ತ. ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸಿದ್ದು ಈ ಜಾಗವೇ. ಏಡಿ ಬಂತು. ನಾಲ್ಕೂ ಜನ ಬಾಯಿ ಬಿಟ್ಟು ಉಸಿರು ಬಿಡುತ್ತಿದ್ದರು, ಪೆಡಲ್ ಮಾತ್ರ ಗಿರಗಿರ ತಿರುಗುತ್ತಿತ್ತು. ಬಂಡಿ ಎಷ್ಟು ನಿಧಾನ ಅಂದರೆ ನನ್ನ ಮಗ ಪಕ್ಕದಲ್ಲಿ ನಡೆದೇ ಅದನ್ನು ಹಿಂದೆ ಹಾಕುತ್ತಿದ್ದ, ಮತ್ತೆ ನಿಂತು ಕಾಯುತ್ತಿದ್ದ. ನಿಂತಲ್ಲೆಲ್ಲ ಪ್ರಶ್ನೆ. ನಿಮಗೆ ಬಾಯಾರಿಕೆ ಆಗೋದಿಲ್ವಾ? ರಾತ್ರಿ ಎಲ್ಲಿ ಮಲಗ್ತೀರಿ? ಏಡಿಗೆ ಹೆಸರಿದ್ಯಾ? ವೆಲ್ಡರ್ ಮಹಾಶಯ ಒಂದೊಂದು ಉಸಿರಿಗೆ ಒಂದೊಂದು ಪದ ಜೋಡಿಸಿ ಉತ್ತರ ಕೊಟ್ಟ. ರಾತ್ರಿ ಎಲ್ಲ ತಂಡದವರೂ ಸಮುದ್ರದ ಹತ್ತಿರ ಕ್ರ್ಯಾಬ್ ಪಾರ್ಕಿನಲ್ಲಿ ಡೇರೆ ಹಾಕುತ್ತಾರಂತೆ. ಏಡಿಗೆ ಅದಕ್ಕಿಂತ ಒಳ್ಳೇ ಜಾಗ ಇದ್ಯಾ ಅಂದ. ಮುಟ್ಟಿ ತಳ್ಳುವ ಹಾಗಿಲ್ಲ. ಜೊತೆಗೆ ನಡೆಯಬಹುದು, ಅಷ್ಟೇ. ಅಪ್ಪಯ್ಯನೂ ಸ್ವಲ್ಪ ದೂರ ನಡೆದರು.

ಸಂಜೆ ಯುರೇಕಾದ ಹಳೇ ಪೇಟೆ ಸುತ್ತಿದೆವು. ಮರದ ವ್ಯಾಪಾರಿ ವಿಲಿಯಂ ಕಾರ್ಸನ್ 1880ರ ದಶಕದಲ್ಲಿ ಕಟ್ಟಿಸಿದ ಹಸಿರು ಬಂಗಲೆ ಹೊರಗಿನಿಂದ ನೋಡಿದೆವು. ಖಾಸಗಿ ಕ್ಲಬ್ಬಿನದ್ದು, ಒಳಗೆ ಬಿಡೋದಿಲ್ಲ. ಹಂಬೋಲ್ಟ್ ಕೊಲ್ಲಿಯ ಆಯ್ಸ್ಟರ್ ಪ್ರಸಿದ್ಧ ಅಂತ ಅಪ್ಪಯ್ಯನಿಗೆ ಸುಟ್ಟದ್ದು ತರಿಸಿದೆ. "ಲಾಯ್ಕ್ ಇತ್. ಆದ್ರೆ ಖಾರ ಇಲ್ಲ" ಅಂದು ಚೀಲದಿಂದ ಚಟ್ನಿಪುಡಿ ತೆಗೆದರು.

ಸೋಮವಾರ

ಕೊನೆಯ ದಿನ ಬೆಳಿಗ್ಗೆ ಬಂಡಿಗಳು ಈಲ್ ನದಿಯ ಕಡೆಯ ನೀರು, ಕೆಸರು ದಾಟುತ್ತವೆ. ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗೋದು ಬೇಡ ಅಂತ ನಾವು ನೇರ ಫರ್ನ್‌ಡೇಲ್‌ಗೆ ಹೋದೆವು.

ಫರ್ನ್‌ಡೇಲ್ ಪುಟ್ಟ ಊರು, ಜನಸಂಖ್ಯೆ 1,400ರ ಆಸುಪಾಸು. ಸುತ್ತ ಹಸಿರು ಹುಲ್ಲುಗಾವಲು, ಹಸುಗಳು. 19ನೇ ಶತಮಾನದಲ್ಲಿ ಡೆನ್ಮಾರ್ಕಿನಿಂದ ಬಂದವರು ಮತ್ತಿತರರು ಇಲ್ಲಿ ಬೆಣ್ಣೆ ಮಾರಿ ದುಡ್ಡು ಮಾಡಿದರು. ಆ ದುಡ್ಡಿನಲ್ಲಿ ಕಟ್ಟಿದ ಬಣ್ಣಬಣ್ಣದ ಮರದ ಮನೆಗಳಿಗೆ 'ಬೆಣ್ಣೆ ಅರಮನೆ' ಅಂತಲೇ ಹೆಸರು. ಬೆಟ್ಟದ ಮೇಲಿನ ಸ್ಮಶಾನದಿಂದ ಊರು ಪೂರ್ತಿ ಕಾಣುತ್ತೆ. ಹತ್ತಿ ಇಳಿಯುವಷ್ಟರಲ್ಲಿ ಮಕ್ಕಳಿಗೆ ಹಸಿವು.

ಇದೆಲ್ಲ ಶುರುವಾದದ್ದೂ ಇದೇ ಮುಖ್ಯ ಬೀದಿಯಲ್ಲಿ. 1969ರಲ್ಲಿ ಹೋಬಾರ್ಟ್ ಬ್ರೌನ್ ಎಂಬ ಇಲ್ಲಿನ ಶಿಲ್ಪಿ ಮಗನ ಮೂರು ಗಾಲಿಯ ಸೈಕಲ್ ರಿಪೇರಿಗೆ ಕೂತ. ಕೈ ನಿಲ್ಲಲಿಲ್ಲ. ಸೇರಿಸುತ್ತ ಹೋಗಿ ಅದು ಐದು ಗಾಲಿಯ ಓಲಾಡುವ ಬಂಡಿಯಾಯಿತು. ಅದನ್ನು ನೋಡಿದ ಇನ್ನೊಬ್ಬ ಕಲಾವಿದ ಜ್ಯಾಕ್ ಮೇಸ್, ಇದಕ್ಕಿಂತ ಒಳ್ಳೇದು ನಾನು ಕಟ್ಟುತ್ತೇನೆ, ಬಾ ರೇಸಿಗೆ ಅಂದ. ಅಮ್ಮಂದಿರ ದಿನದಂದು ಈ ಬೀದಿಯಲ್ಲೇ ಓಟ ನಡೆಯಿತು. ಇನ್ನೂ ಕೆಲವರು ತಮ್ಮ ತಮ್ಮ ಬಂಡಿ ತಂದು ಸೇರಿಕೊಂಡರು. ಸವಾಲು ಹಾಕಿದವನೂ ಗೆಲ್ಲಲಿಲ್ಲ, ಒಪ್ಪಿಕೊಂಡವನೂ ಗೆಲ್ಲಲಿಲ್ಲ. ಯುರೇಕಾದ ಬಾಬ್ ಬ್ರೌನ್ ತಂದ, ಹೊಗೆ ಬಿಡುವ, ಮೊಟ್ಟೆ ಇಡುವ ಆಮೆ ಗೆದ್ದಿತು. ಒಂದು ಬೀದಿಯ ಓಟ ಬೆಳೆದು ಬೆಳೆದು ಮೂರು ದಿನದ್ದಾಯಿತು. ಬೇರೆ ಊರುಗಳೂ ಇದನ್ನು ನೋಡಿ ತಮ್ಮದೇ ರೇಸ್ ಶುರು ಮಾಡಿಕೊಂಡವು. ದೊಡ್ಡವರು ಮಜಾ ಮಾಡೋದನ್ನು ಕಂಡು ಮಕ್ಕಳಿಗೂ ದೊಡ್ಡವರಾಗುವ ಆಸೆ ಹುಟ್ಟಬೇಕು ಅನ್ನೋದು ಇಲ್ಲಿನವರು ಆಗಾಗ ಹೇಳುವ ಮಾತು. ಹೋಬಾರ್ಟ್ 2007ರಲ್ಲಿ ತೀರಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಬೀದಿಯ ಎರಡೂ ಬದಿ ಜನ ತುಂಬಿದರು. ಮೊದಲ ಬಂಡಿ ಬಂದಾಗ ಚಪ್ಪಾಳೆ ಬಿತ್ತು, ಅದರಲ್ಲಿ ವಿಶೇಷ ಏನಿಲ್ಲ. ಬಂಡಿಗಳು ಕೆಸರು ಮೆತ್ತಿಕೊಂಡು ಗುರುತು ಸಿಗದ ಹಾಗಿದ್ದವು. ಮೊಸಳೆಗೆ ಬಾಲ ಇರಲಿಲ್ಲ. ಹಸುವಿನ ಒಂದು ಕೊಂಬು ಜೋತಾಡುತ್ತಿತ್ತು. ನಮ್ಮ ಏಡಿ ಎಷ್ಟನೆಯದಾಗಿ ಬಂತು ಅಂತ ನಾವು ಎಣಿಸಲೂ ಇಲ್ಲ. ಮುರಿದ ಕಾಲನ್ನು ಹಗ್ಗದಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಬಂದಿತ್ತು. ಏಸ್ ಆಯಿತಾ ಅಂತ ಮಗಳು ಕೂಗಿ ಕೇಳಿದಳು. ವೆಲ್ಡರ್ ತಲೆ ಅಲ್ಲಾಡಿಸಿ ಕೈಯಲ್ಲಿ ತಳ್ಳುವ ಸನ್ನೆ ಮಾಡಿದ. ಕೆಸರಿನಲ್ಲಿ ಇಳಿಯಬೇಕಾಯಿತಂತೆ.

"ಬಪ್ಪ ವರ್ಷ ಆತ್ತ್" ಅಂತ ಅಪ್ಪಯ್ಯ ಅವನಿಗೆ ಕುಂದಾಪುರ ಕನ್ನಡದಲ್ಲೇ ಸಮಾಧಾನ ಹೇಳಿದರು. ಅವನೂ ಥ್ಯಾಂಕ್ಸ್ ಅಂದ.

ಪ್ರಶಸ್ತಿ ಕೊಡೋವರೆಗೂ ನಿಲ್ಲಲಿಲ್ಲ. ಮರುದಿನ ಮಕ್ಕಳಿಗೆ ಶಾಲೆ, ದಾರಿ ದೂರ.

ಬೇ ಏರಿಯಾದಿಂದ ಹೋಗುವವರಿಗೆ ಎರಡು ಮಾತು. ಯುರೇಕಾ, ಆರ್ಕೇಟಾದಲ್ಲಿ ಆ ವಾರ ರೂಮು ಸಿಗೋದು ಕಷ್ಟ, ಮುಂಚೆಯೇ ಹಿಡಿದಿಡಿ. ನೋಡೋಕೆ ಟಿಕೆಟ್ ಇಲ್ಲ, ರಸ್ತೆ ಬದಿಯಲ್ಲಿ ನಿಂತರೆ ಆಯಿತು. ಸ್ವೆಟರ್, ಮಕ್ಕಳಿಗೆ ಎರಡು ಜೊತೆ ಜಾಸ್ತಿ ಬಟ್ಟೆ, ಮರಳಿಗೆ ಹಳೇ ಚಪ್ಪಲಿ ಇರಲಿ. ಸೈಕಲ್ ಒಯ್ದರೆ ಇನ್ನೂ ಒಳ್ಳೇದು. ಡಾಂಬರು ರಸ್ತೆಯಲ್ಲಿ ಬಂಡಿಗಳ ಹಿಂದೆಯೇ ಎಷ್ಟೋ ಸಂಸಾರಗಳು ತುಳಿದುಕೊಂಡು ಹೋಗುತ್ತಿದ್ದವು, ಕಾರಿನವರಿಗಿಂತ ಮೊದಲೇ ಎಲ್ಲ ಕಡೆ ತಲುಪುತ್ತಿದ್ದವು. ತಿಂಡಿ ಸ್ವಲ್ಪ ಹೆಚ್ಚೇ ಕಟ್ಟಿಕೊಳ್ಳಿ. ಲಂಚಕ್ಕೆ ಚಕ್ಕುಲಿ ನಡೆಯುತ್ತೆ.